ಮೈಲಿ ಬರೆಯುತ್ತಿದ್ದ ಮೇಸ್ತ್ರಿ

ಮೇಸ್ತ್ರಿ ಹೋದರಂತೆ ಎಂದು ಕುರುಗೋಡಿನ ಚಹಾದಂಗಡಿಯವನು ಹೇಳಿದಾಗ ನಾನು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಸೀಟಿ ಊದುವುದರಲ್ಲಿದ್ದೆ. ಹಿಂದಿನ ದಿನ ನನಗೆ ರಜೆಯಿತ್ತು. ಯಾವಾಗ ಎಂದು ಕೇಳಿದೆ. ‘ನಿನ್ನಿ ಮುಂಜಾನಿ. ಮಣ್ಣೂ ಆತು’ ಎಂದ. ಬಸ್ಸು ತುಂಬಿತ್ತು. ಒಳಗಿದ್ದವರೆಲ್ಲ ಬಳ್ಳಾರಿ ಆಂಧ್ರಕ್ಕೆ ಹೋಗುತ್ತದೋ ಮೈಸೂರಿಗೆ ಸೇರುತ್ತದೋ ಎಂದು ಜಗಳ ಹಚ್ಚಿಕೊಂಡಿದ್ದರು. ನಾನು ಸೀಟಿ ಊದಿದೆ, ಬಸ್ಸು ಹೊರಟಿತು.

ಅದಾಗಿ ಹನ್ನೊಂದು ದಿನವಾಯಿತು. ಕೂತಲ್ಲಿ ಕೂಡಲಾಗುತ್ತಿಲ್ಲ. ಊಟದ ನಡುವೆ ಎದ್ದು ಹೊರಗೆ ಹೋಗಿ ಬರುತ್ತೇನೆ, ಯಾಕೆ ಹೋದೆ ಎಂದು ನನಗೇ ತಿಳಿಯುವುದಿಲ್ಲ. ‘ಕಾಲು ಸುಟ್ಟ ಬೆಕ್ಕಿನಂಗ ಯಾಕ ತಿರಗ್ತೀರಿ?’ ಎಂದು ಹೆಂಡತಿ ನಿನ್ನೆ ಬೈದಳು. ಕಾರೂರಿನ ಗದ್ದೆ ಬಿಟ್ಟು ಬಂದು ಥರ್ಡ್ ಫಾರಂ ತನಕ ಓದಿ ಕಂಡಕ್ಟರ್ ಆದವನು ನಾನು. ಟಿಕೀಟು ಬರೆಯುವುದು ಬಿಟ್ಟರೆ ಬೇರೆ ಬರವಣಿಗೆ ಮಾಡಿದವನಲ್ಲ. ಆದರೂ ಇದೊಂದನ್ನು ಬರೆಯದೆ ಗತಿಯಿಲ್ಲ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಇಲ್ಲಿ ಮೇಸ್ತ್ರಿಯನ್ನು ಅವರು, ಇವರು ಎಂದು ಬರೆಯುತ್ತಿದ್ದೇನಲ್ಲ, ಅವರ ಜೊತೆ ಕೆಲಸ ಮಾಡಿದ ಕಾಲದಲ್ಲಿ ಹಾಗೆ ಮಾತಾಡಿಸಿದವನಲ್ಲ ನಾನು. ಅವರು ಊರಾಚೆಯ ಕೇರಿಯವರು. ಇಡೀ ಬಸ್ ಸ್ಟ್ಯಾಂಡು ಅವರನ್ನು ‘ಏ ಮೇಸ್ತ್ರಿ, ಬಾರೋ’ ಎಂದು ಕರೆಯುತ್ತಿತ್ತು. ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವನಾದ ನಾನೂ ಹಾಗೇ ಕರೆಯುತ್ತಿದ್ದೆ. ಅವರು ಮಾತ್ರ ನನಗೆ ‘ಕಂಡಕ್ಟ್ರೇ, ಬರ್ರಿ’ ಎನ್ನುತ್ತಿದ್ದರು.

ಯುದ್ಧದ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ. ನಮ್ಮ ಮಾಲೀಕ ರಾಯರ ಬಸ್ಸು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿತ್ತು. ಹಿಂದೆ ಕಟ್ಟಿದ ದೊಡ್ಡ ಡ್ರಮ್ಮಿನಲ್ಲಿ ಇದ್ದಿಲು ಕೆಂಡವಾಗಿ ಗ್ಯಾಸು ಹುಟ್ಟಬೇಕು, ಅದು ಇಂಜಿನ್ನಿಗೆ ಹೋಗಿ ಹೊತ್ತಿಕೊಳ್ಳಬೇಕು. ಹೊತ್ತಿಸಲು ಕಿಡಿ ಬೇಕು, ಕಿಡಿಗೆ ಬ್ಯಾಟರಿ ಬೇಕು. ಬೇರೆ ಬಸ್ಸುಗಳಲ್ಲಿ ಇಂಜಿನ್ನು ತಿರುಗಿದ ಹಾಗೆಲ್ಲ ಡೈನಮೊ ಬ್ಯಾಟರಿಯನ್ನು ಮತ್ತೆ ತುಂಬುತ್ತ ಹೋಗುತ್ತದೆ. ನಮ್ಮ ಬಸ್ಸಿನ ಡೈನಮೊ ಸುಟ್ಟುಹೋಗಿತ್ತು. ರಾಯರು ಮದ್ರಾಸಿಗೆ ಪತ್ರದ ಮೇಲೆ ಪತ್ರ ಬರೆದರು, ಯುದ್ಧ ಮುಗಿಯಲಿ ಎಂದು ಉತ್ತರ ಬಂತು. ಹೀಗಾಗಿ ಬೆಳಿಗ್ಗೆ ಬ್ಯಾಟರಿಯಲ್ಲಿ ಎಷ್ಟು ಕಸುವು ತುಂಬಿರುತ್ತದೋ ಅಷ್ಟು ದೂರ ಮಾತ್ರ ನಮ್ಮ ಬಸ್ಸು. ಬಳ್ಳಾರಿಯಿಂದ ಕುರುಗೋಡು, ಅಲ್ಲಿಂದ ಸಿರುಗುಪ್ಪ, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ಹೋಗಿ ಬರಲು ಎಪ್ಪತ್ತೈದು ಮೈಲಿಯ ಆಸುಪಾಸು. ಕಸುವು ನಡುವೆ ತೀರಿತೋ, ಕರಿ ಹೊಲದ ನಡುವೆ ನಿಂತೆವು.

ಆ ಕಸುವು ತುಂಬುತ್ತಿದ್ದವರು ಮೇಸ್ತ್ರಿ. ಬಳ್ಳಾರಿಯ ಕೌಲ್ ಬಜಾರಿನ ಅಂಚಿಗೆ ಒಂದು ತಗಡಿನ ಚಪ್ಪರ, ಅದರಲ್ಲಿ ಡುಬ್ ಡುಬ್ ಎನ್ನುವ ಒಂದು ಎಣ್ಣೆ ಇಂಜಿನ್ನು, ಗೋಡೆಗುಂಟ ಬ್ಯಾಟರಿಗಳ ಸಾಲು. ದಂಡಿನ ವರ್ಕ್‌ಶಾಪಿನಲ್ಲಿ ಕೂಲಿಗೆ ಸೇರಿ, ಸೋಲ್ಜರುಗಳು ಮಾಡುವುದನ್ನು ನೋಡಿ ನೋಡಿಯೇ ಕಲಿತವರು. ಅಂಗಿ, ಧೋತರ ಎಲ್ಲ ಆಸಿಡ್ ತಿಂದು ಜರಡಿಯಾಗಿದ್ದವು. ಬ್ಯಾಟರಿಯೊಳಗಿನ ಪ್ಲೇಟು ಹೊಸದು ಸಿಗದ ಕಾಲವಾದ್ದರಿಂದ ಹಳೆಯ ಪ್ಲೇಟಿನ ಸೀಸ ಕರಗಿಸಿ, ಸೀಸದ ಸಿಂಧೂರ ಕಲಸಿ ಬರಿಗೈಯಲ್ಲೇ ಮೆತ್ತುತ್ತಿದ್ದರು. ಅಂಗೈ ಯಾವಾಗಲೂ ಕೆಂಪಗೆ.

ಒಂದು ಕಡೆ ನಿಲ್ಲುವ ಮನುಷ್ಯ ಅಲ್ಲ. ನಾನು ಹೋದಾಗ ಒಮ್ಮೆಯೂ ಅವರು ಕೂತಿದ್ದನ್ನು ಕಂಡಿಲ್ಲ. ಈ ಬ್ಯಾಟರಿಯ ಹತ್ತಿರ ಬಗ್ಗಿ ಮೂಸುವರು, ಆ ಬ್ಯಾಟರಿಗೆ ಕಿವಿ ಕೊಟ್ಟು ಒಳಗಿನ ಗುಳುಗುಳು ಕೇಳುವರು, ಇನ್ನೊಂದರ ಬದಿಗೆ ಕೈಯಿಟ್ಟು ಕಾವು ನೋಡುವರು. ಮಾತಾಡುತ್ತ ಆಡುತ್ತ ನಮ್ಮನ್ನು ಬಿಟ್ಟು ಒಳಗೆ ಹೋಗಿಬಿಡುವರು. ಮಾತು ಅರ್ಧಕ್ಕೇ ನಿಂತಿರುತ್ತಿತ್ತು. ಹೊರಗೆ ಬಂದು ನಿಲ್ಲಿಸಿದ ಪದದಿಂದಲೇ ಮತ್ತೆ ಶುರು ಮಾಡುತ್ತಿದ್ದರು. ನನಗೂ ಕಾಲು ನಿಲ್ಲುವ ಸ್ವಭಾವ ಇಲ್ಲ. ಇಬ್ಬರೂ ಒಂದೇ ಚಪ್ಪರದಲ್ಲಿದ್ದರೆ ನೋಡುವವರಿಗೆ ತಲೆ ಸುತ್ತುತ್ತಿತ್ತು ಎಂದು ನಮ್ಮ ಡ್ರೈವರ್ ಸಾಬರು ನಗುತ್ತಿದ್ದರು.

ದಿನಾ ಬೆಳಿಗ್ಗೆ ಬ್ಯಾಟರಿ ಒಯ್ಯಲು ಹೋದಾಗ ಒಂದು ಕ್ರಮವಿತ್ತು. ಬ್ಯಾಟರಿಯ ಮೂರು ಬಾಯಿಗಳ ಬಿರಡೆ ತಿರುವಿ ತೆಗೆದು, ಗಾಜಿನ ಕೊಳವೆಯಲ್ಲಿ ಒಳಗಿನ ನೀರನ್ನು ಎಳೆದು, ಕೊಳವೆಯೊಳಗಿನ ತೇಲು ಎಷ್ಟು ಮೇಲೆ ನಿಲ್ಲುತ್ತದೆ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿ, ಬೆರಳ ಗೆಣ್ಣು ಎಣಿಸಿ, ಬ್ಯಾಟರಿಯ ಪೆಟ್ಟಿಗೆಯ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆಯುವರು. ಎಪ್ಪತ್ತೆಂಟು. ಎಂಬತ್ತು. ಒಮ್ಮೊಮ್ಮೆ ಎಪ್ಪತ್ತಮೂರು. ಅಷ್ಟು ಮೈಲಿ ಬಸ್ಸು ಓಡುತ್ತದೆ ಎಂದು ಅರ್ಥ. ಎಪ್ಪತ್ತಮೂರು ಬರೆದ ದಿನ ಸಾಬರು ಸಿರುಗುಪ್ಪದಲ್ಲಿ ಚಹಾ ಕುಡಿಯದೆ ಬಸ್ಸು ತಿರುಗಿಸುತ್ತಿದ್ದರು. ಒಂದು ಸಲ ಬಳ್ಳಾರಿಯ ಸ್ಟ್ಯಾಂಡಿನ ಬಾಗಿಲಲ್ಲೇ ಬಸ್ಸು ಕೆಮ್ಮಿ ನಿಂತಿತು. ಇಳಿದು ನೂಕುತ್ತ ಒಳಗೆ ತಂದೆವು. ಮೇಸ್ತ್ರಿಗೆ ಹೇಳಿದರೆ ‘ಒಂದು ಫರ್ಲಾಂಗು ಎಲ್ಲಿ ತಪ್ಪಿದೆ?’ ಎಂದು ದಿನವಿಡೀ ತಮ್ಮನ್ನೇ ಬೈದುಕೊಂಡು ಓಡಾಡಿದರು.

‘ಬ್ಯಾಟರಿಗೆ ಮೈಲಿ ಗೊತ್ತಿಲ್ಲ ಕಂಡಕ್ಟ್ರೇ, ಅದಕ್ಕ ತಾಸು ಅಷ್ಟ ಗೊತ್ತು’ ಎಂದು ಒಮ್ಮೆ ಹೇಳಿದರು. ‘ಗಾಡಿ ನಿಂತಿದ್ರೂ ಇಂಜಿನ್ ತಿರುಗ್ತಿದ್ರ ಅದು ಕರಗ್ತಾನ ಇರ್ತೈತಿ. ಎದುರು ಗಾಳಿ ಬಂತು, ಗಾಡಿ ಮೆಲ್ಲಕ ಆತು, ತಾಸು ಹೆಚ್ಚಾತು. ಮಂದಿ ಹೆಚ್ಚಾದ್ರು, ಮತ್ತ ತಾಸು. ನೀವು ಕುರುಗೋಡಿನ್ಯಾಗ ಸುದ್ದಿ ಹೇಳಿಕೋತ ನಿಂತ್ರಿ, ಅದೂ ತಾಸು. ನಾ ಬರೆಯೂದು ಬ್ಯಾಟರಿ ಲೆಕ್ಕ ಅಲ್ಲ, ನಿಮ್ಮ ಲೆಕ್ಕ.’

ನಮ್ಮ ಲೆಕ್ಕ ಅವರಿಗೆ ಬಾಯಿಪಾಠವಾಗಿತ್ತು. ಇಂಜಿನ್ನು ಹೊರಡಿಸಲು ಸೆಲ್ಫ್ ಒತ್ತಬಾರದು, ಹ್ಯಾಂಡಲ್ ಹಾಕಿ ತಿರುವಬೇಕು. ದೀಪ ಹಚ್ಚಬಾರದು. ಹಾರ್ನು ಒತ್ತಿದರೆ ಅರ್ಧ ಫರ್ಲಾಂಗು ಹೋಯಿತು. ಆದ್ದರಿಂದ ನಮ್ಮ ಬಸ್ಸಿಗೆ ನಾನೇ ಹಾರ್ನು. ಮೆಟ್ಟಿಲ ಮೇಲೆ ಜೋತುಬಿದ್ದು ತಗಡು ಬಡಿಯುತ್ತ ‘ಬಂಡಿ ಸರಸ್ರಪೋ’ ಎಂದು ಎರಡು ಹೊಲದಾಚೆಗೆ ಕೇಳುವಂತೆ ಕೂಗುತ್ತಿದ್ದೆ. ಬೇಸಿಗೆ ಬಂದರೆ ಬ್ಯಾಟರಿ ಹುರುಪಿನಿಂದ ಓಡುತ್ತಿತ್ತು, ನಾವು ಖುಷಿಪಡುತ್ತಿದ್ದೆವು. ಮೇಸ್ತ್ರಿ ಮುಖ ಸಣ್ಣದು ಮಾಡುತ್ತಿದ್ದರು. ‘ಈ ಬಿಸಲು ಇವತ್ತು ಕೊಟ್ಟಂಗ ಮಾಡಿ ನಾಳಿದ್ದು ಕಸಗೊಂತೈತ್ರಿ. ಒಳಗಿನ ಪ್ಲೇಟು ಹಪ್ಪಳಾಗ್ತೈತಿ’ ಎನ್ನುವರು. ಪೂರಾ ಖಾಲಿ ಮಾಡಿ ತಂದರೆ ಸಿಟ್ಟು, ಖಾಲಿಯಾದದ್ದನ್ನು ರಾತ್ರಿ ಹಾಗೇ ಬಿಟ್ಟು ಮಾರನೇ ದಿನ ತಂದರೆ ಇನ್ನೂ ಸಿಟ್ಟು. ‘ಹಸದು ಮಲಗಿದ ಬ್ಯಾಟರಿಗೆ ಬಿಳಿ ಹಿಡಿತೈತಿ. ಆಮ್ಯಾಲ ಎಷ್ಟು ಉಣಿಸಿದ್ರೂ ಮೊದ್ಲಿನ ಹೊಟ್ಟಿ ಬರಂಗಿಲ್ಲ.’

ನನ್ನ ಮೇಲೂ ಅವರಿಗೊಂದು ಸಿಟ್ಟಿತ್ತು. ಬಿರಡೆ ಹಾಕುವಾಗ ನಾನು ಅವಸರ ಮಾಡುತ್ತಿದ್ದೆ. ನಡುವಿನ ಬಿರಡೆ ದಿನಾ ಅಡ್ಡ ಕೂಡುತ್ತಿತ್ತು. ‘ಸಾವಕಾಶ ತಿರುವ್ರಿ, ನಿಮ್ಮಪ್ಪನ ಗಂಟೇನು ಹೋಗೂದಿಲ್ಲ’ ಎಂದು ಅದನ್ನು ಬಿಚ್ಚಿ ಮತ್ತೆ ಹಾಕುತ್ತಿದ್ದರು.

ಅವರ ನೀರಿನ ವಿಷಯ ಹೇಳಬೇಕು. ಕಾದು ಕಾದು ಬ್ಯಾಟರಿಯೊಳಗಿನ ನೀರು ಆರುತ್ತದೆ, ಆಗಾಗ ಮೇಲೆ ಹಾಕಬೇಕು. ಬಳ್ಳಾರಿಯ ಬಾವಿ ನೀರು ಎಂಥದೆಂದು ಕುಡಿದವರಿಗೆ ಗೊತ್ತು, ಬೇಳೆ ಕೂಡ ಬೇಯುವುದಿಲ್ಲ, ಅದರ ಉಪ್ಪು ಬ್ಯಾಟರಿಗೆ ವಿಷ. ಮೇಸ್ತ್ರಿ ಚಪ್ಪರದ ಹಿಂದೆ ಒಲೆ ಹೂಡಿ, ನೀರು ಕುದಿಸಿ, ಆವಿಯನ್ನು ಕೊಳವೆಯಲ್ಲಿ ತಣಿಸಿ ಹನಿ ಹನಿಯಾಗಿ ಗಾಜಿನ ಜಾಡಿಗೆ ಇಳಿಸುತ್ತಿದ್ದರು. ದಿನಕ್ಕೆ ಒಂದು ಜಾಡಿ ಕಷ್ಟದಲ್ಲಿ ತುಂಬುತ್ತಿತ್ತು. ಆ ಜಾಡಿಯ ಬಾಯಿಗೆ ಯಾರೂ ಕೈ ತರಬಾರದು. ‘ಇದಕ್ಕಿಂತ ಮಡಿ ನೀರು ಈ ಊರಾಗ ಇಲ್ರಿ. ಇದು ನಾ ಮುಟ್ಟಿದ್ರೂ ಕೆಡತೈತಿ, ನೀವು ಮುಟ್ಟಿದ್ರೂ ಕೆಡತೈತಿ’ ಎಂದು ಒಂದು ದಿನ ಹೇಳಿ ಒಳಗೆ ಹೋಗಿಬಿಟ್ಟರು. ಆ ಮಾತನ್ನು ಮುಂದುವರಿಸಲಿಲ್ಲ. ಅವರ ಗಡಿಗೆಯ ನೀರನ್ನು ನಮ್ಮಲ್ಲಿ ಯಾರೂ ಕುಡಿಯುತ್ತಿರಲಿಲ್ಲ, ಬಾಯಾರಿದರೆ ಎದುರಿನ ಹೋಟೆಲಿಗೆ ಹೋಗುತ್ತಿದ್ದೆವು.

ಯುದ್ಧ ಮುಗಿಯುವ ಹಿಂದಿನ ವರ್ಷ ದಸರೆಯ ಹೊತ್ತಿಗೆ ನಮ್ಮ ಬ್ಯಾಟರಿ ಮುದಿಯಾಗಿತ್ತು. ಅಂಕಿ ಎಪ್ಪತ್ತರ ಕೆಳಗೆ ಇಳಿಯಿತು. ಎರಡು ಸಲ ದಾರಿಯಲ್ಲಿ ನಿಂತೆವು. ನಮ್ಮ ದಾರಿಯ ಮೇಲೆ ಬೇರೊಬ್ಬ ಸಾಹುಕಾರನ ಕಣ್ಣಿತ್ತು, ಪರ್ಮಿಟ್ಟಿನ ಅಧಿಕಾರಿಗೆ ಅರ್ಜಿಯೂ ಹೋಗಿತ್ತು. ರಾಯರು ಉಪಾಯ ಮಾಡಿ, ದಶಮಿಯ ದಿನ ಆ ಅಧಿಕಾರಿಯನ್ನೇ ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಕರೆದೊಯ್ದು ತೋರಿಸುವುದೆಂದು ಗೊತ್ತುಮಾಡಿದರು. ಮೇಸ್ತ್ರಿ ಹದಿನೈದು ದಿನ ಕೂತು, ಕೂತು ಎಂದರೆ ತಪ್ಪು, ನಿಂತು, ಒಳಗಿನ ಪ್ಲೇಟುಗಳನ್ನೆಲ್ಲ ಹೊಸದಾಗಿ ಮೆತ್ತಿದರು. ನವಮಿಯ ಬೆಳಿಗ್ಗೆ ಪೆಟ್ಟಿಗೆಯ ಮೇಲೆ ಎಂಬತ್ತೈದು ಎಂದು ಬರೆದರು. ಅಷ್ಟು ದೊಡ್ಡ ಅಂಕಿ ನಾವು ಅದುವರೆಗೆ ನೋಡಿರಲಿಲ್ಲ. ‘ಇದರಾಗ ಏನಾರ ತಪ್ಪಿದ್ರ ನಾ ಸೀಮೆಸುಣ್ಣ ಮುಟ್ಟಂಗಿಲ್ರಿ’ ಎಂದು ನಕ್ಕರು. ಅವರು ನಕ್ಕಿದ್ದು ನೆನಪಿರುವುದು ಅದೊಂದೇ ಸಲ.

ನವಮಿ ಎಂದರೆ ಆಯುಧ ಪೂಜೆ. ಬಸ್ಸಿಗೆ ಬಾಳೆಕಂಬ ಕಟ್ಟಿ, ಹತಾರಗಳನ್ನೆಲ್ಲ ರಾಯರ ಮನೆಯ ಪಡಸಾಲೆಯಲ್ಲಿ ಇಡಬೇಕು, ಬ್ಯಾಟರಿಯನ್ನೂ ಇಟ್ಟೆವು. ರಾಯರದು ವೈಷ್ಣವರ ಮನೆ, ದೊಡ್ಡ ಮಡಿ. ಮೇಸ್ತ್ರಿ ಬಾಗಿಲ ಹೊರಗೆ ಬೀದಿಯಲ್ಲಿ ನಿಂತು ನೋಡಿ, ಎಲೆಯಲ್ಲಿ ಕೊಟ್ಟ ಪ್ರಸಾದ ಇಸಿದುಕೊಂಡು ಹೋದರು. ಪೂಜೆ ಮುಗಿದು ಒಳಗೆ ಊಟಕ್ಕೆ ಎಲೆ ಹಾಕಿದ್ದರು. ನಾನು ನನ್ನ ಸರದಿಗೆ ಕಾಯುತ್ತ ಹಸಿದು ಪಡಸಾಲೆಯಲ್ಲಿ ಕೂತಿದ್ದೆ. ಆಗ ರಾಯರ ತಾಯಿ ತೀರ್ಥದ ತಾಮ್ರದ ಪಂಚಪಾತ್ರೆ ಹಿಡಿದು ಬಂದರು. ಎಂಬತ್ತರ ಹತ್ತಿರದ ಮುದುಕಿ, ಮಡಿಸೀರೆ, ನಡುಗುವ ಕೈ. ಒಂದೊಂದು ಹತಾರದ ಮುಂದೂ ನಿಂತು ಕೈ ಮುಗಿದರು. ಬ್ಯಾಟರಿಯ ಹತ್ತಿರ ಬಂದು ನಿಂತರು.

‘ಇದಕ್ಕ ದಿನಾ ನೀರು ಬೇಕಂತಲ್ಲೋ, ಹೌದೇನು?’

‘ಹೌದ್ರಿ ಅಮ್ಮಾರ. ಭಾಳ ನೀರು ಕುಡಿತೈತಿ.’

‘ಹಂಗಾದ್ರ ಇದೊಂದಕ್ಕ ಬಾಯಿ ಅದ ಅಂದಂಗಾಯ್ತು. ಬಾಯಿ ಇದ್ದದ್ದಕ್ಕ ತೀರ್ಥ ಕೊಡದ ಹೆಂಗ ಬಿಡೋದು? ನಾ ಮಡಿಯೊಳಗ ಇದ್ದೀನಿ, ಮುಟ್ಟೂಹಂಗಿಲ್ಲ. ನೀ ಬಾಯಿ ತಗಿ.’

ಬೇಡ ಎನ್ನಬೇಕೆಂದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಜಾಡಿಯ ಬಾಯಿಗೆ ಕೈ ತಂದಾಗಲೆಲ್ಲ ಮೇಸ್ತ್ರಿ ಗದರುತ್ತಿದ್ದದ್ದು ನೆನಪಿಗೆ ಬಂತು. ಆದರೆ ಬೇಡ ಎಂದರೆ ಯಾಕೆ ಎಂದು ಹೇಳಬೇಕು, ಅಷ್ಟರಲ್ಲಿ ಹೋಳಿಗೆ ಮುಗಿದರೆ? ಮೂರೂ ಬಿರಡೆ ತಿರುವಿ ತೆಗೆದೆ. ಮುದುಕಿ ಉದ್ಧರಣೆ ಚಮಚದಿಂದ ಒಂದೊಂದು ಬಾಯಿಗೆ ಮೂರು ಮೂರು ಸಲ, ಮನುಷ್ಯರಿಗೆ ಕೊಟ್ಟಂತೆ, ಮೇಲಿನಿಂದ ತೀರ್ಥ ಹಾಕಿದರು. ಅವರ ಮನೆಯ ಬಾವಿಯ ಉಪ್ಪು ನೀರು, ಅದರಲ್ಲಿ ಗಂಧ, ತುಳಸಿ. ಹಾಕಿ ಕಣ್ಣು ಮುಚ್ಚಿ ಕೈ ಮುಗಿದರು. ನಾನು ಬಿರಡೆ ಹಾಕಿ ಊಟಕ್ಕೆ ಹೋದೆ.

ದಶಮಿಯ ಬೆಳಿಗ್ಗೆ ಬ್ಯಾಟರಿಯನ್ನು ಮನೆಯಿಂದ ನೇರ ಬಸ್ಸಿಗೆ ತಂದೆವು. ಮೇಸ್ತ್ರಿ ಗಾಜಿನ ಕೊಳವೆ ಹಿಡಿದು ಸ್ಟ್ಯಾಂಡಿನಲ್ಲಿ ಆಗಲೇ ಕಾದಿದ್ದರು. ಬಗ್ಗಿ ಬಿರಡೆಗೆ ಕೈ ಹಾಕಹೋದರು. ಬ್ಯಾಟರಿಗೆ ಕುಂಕುಮ ಹಚ್ಚಿ ಅರಿಷಿಣದ ದಾರ ಕಟ್ಟಿತ್ತು. ರಾಯರು ತಡೆದರು. ‘ಇವತ್ತೊಂದಿನ ಬ್ಯಾಡೋ, ಪೂಜಿ ಆಗ್ಯದ.’ ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದರು. ರಾಯರು ಅಧಿಕಾರಿಗೆ ಕೇಳಿಸಲೆಂದೇ ಗಟ್ಟಿಯಾಗಿ ಕೇಳಿದರು: ‘ಎಷ್ಟು ಓಡ್ತದ ಹೇಳು.’ ಇಡೀ ಸ್ಟ್ಯಾಂಡು ನೋಡುತ್ತಿತ್ತು. ‘ಎಂಬತ್ತೈದ್ರಿ. ಒಂದು ಫರ್ಲಾಂಗೂ ಕಡಿಮಿ ಇಲ್ಲ’ ಎಂದರು ಮೇಸ್ತ್ರಿ. ನಾನು ಟಿಕೀಟಿನ ಕಟ್ಟು ನೋಡುತ್ತ ನಿಂತಿದ್ದೆ.

ಕುರುಗೋಡಿನ ತನಕ ಏನೂ ಆಗಲಿಲ್ಲ. ನನ್ನ ಎದೆ ಹಗುರಾಯಿತು, ತೀರ್ಥ ಏನು ಮಾಡೀತು ಎಂದು ಒಂದೆರಡು ಸಲ ಜೋರಾಗಿಯೇ ನಕ್ಕೆ. ಅಲ್ಲಿಂದ ಮುಂದೆ ಇಂಜಿನ್ನು ತೊದಲತೊಡಗಿತು. ಸಿರುಗುಪ್ಪಕ್ಕೆ ಮೊದಲು ಸಿಗುವ ದೇಶನೂರಿಗೆ ಇನ್ನೂ ಐದಾರು ಮೈಲಿ ಇರುವಾಗ ಕೆಮ್ಮಿ ನಿಂತಿತು. ಸಾಬರು ಹ್ಯಾಂಡಲ್ ಹಾಕಿ ಹಾಕಿ ಸೋತರು. ತಂತಿ ಮುಟ್ಟಿಸಿದರೆ ಕಿಡಿಯೇ ಇಲ್ಲ. ‘ಖತಂ’ ಎಂದು ಹ್ಯಾಂಡಲ್ ನೆಲಕ್ಕೆ ಎಸೆದರು. ಅಷ್ಟು ಹೊತ್ತಿಗೆ ಬಂದದ್ದು ಒಂದು ಹುಲ್ಲಿನ ಬಂಡಿ. ಅಧಿಕಾರಿ ಸೂಟು ಬೂಟಿನಲ್ಲಿ ಹುಲ್ಲಿನ ಮೇಲೆ ಕೂತು ಹೋದರು. ರಾಯರು ಬಂಡಿಯ ಪಕ್ಕ ನಡೆಯುತ್ತ ಬಿಸಿಲಲ್ಲಿ ಬೇಡಿಕೊಳ್ಳುತ್ತಿದ್ದುದು ನನಗೆ ಬಹಳ ದೂರದ ತನಕ ಕಾಣುತ್ತಿತ್ತು.

ಮರುದಿನ ಬ್ಯಾಟರಿಯನ್ನು ಮೇಸ್ತ್ರಿಯ ಚಪ್ಪರಕ್ಕೆ ತಂದು ಇಳಿಸಿದೆವು. ರಾಯರು ಒಳಗೆ ಬರಲಿಲ್ಲ, ರಸ್ತೆಯಲ್ಲೇ ನಿಂತರು. ಸುತ್ತ ಹತ್ತಿಪ್ಪತ್ತು ಜನ. ಮೇಸ್ತ್ರಿ ನಡುವಿನ ಬಿರಡೆಗೆ ಕೈ ಹಾಕಿದವರು ಒಂದು ಗಳಿಗೆ ಹಾಗೇ ನಿಂತರು. ಆಮೇಲೆ ಬಿಚ್ಚಿದರು. ಬಗ್ಗಿ ಮೂಸಿದರು. ಕೊಳವೆಯ ತುದಿಯಿಂದ ಏನನ್ನೋ ಮೇಲಕ್ಕೆ ಎತ್ತಿದರು. ನನಗೆ ಕಂಡಿತು, ಕಪ್ಪಾಗಿ ಮುದುಡಿದ ತುಳಸಿ ಎಲೆ. ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡರು. ತಲೆಯೆತ್ತಿ ನನ್ನ ಮುಖ ನೋಡಿದರು. ರಾಯರನ್ನಲ್ಲ, ಸಾಬರನ್ನಲ್ಲ, ನನ್ನ ಮುಖ. ಕಾದರು. ಒಂದು ಮಾತು ಆಡಲು ಎಷ್ಟು ಹೊತ್ತು ಬೇಕೋ ಅದರ ಹತ್ತರಷ್ಟು ಹೊತ್ತು ಕಾದರು. ನಾನು ತುಟಿ ಪಿಟಕ್ಕೆನ್ನಲಿಲ್ಲ.

‘ತಪ್ಪು ನಂದ್ರಿ ರಾಯರ. ಪ್ಲೇಟು ಸರಿ ಕೂಡಿಲ್ಲ’ ಎಂದರು.

‘ಬಾಯಿ ಬಡ್ಕೊಂಡು ಎಂಬತ್ತೈದು ಅಂದಿದ್ದೆಲ್ಲೋ’ ಎಂದರು ರಾಯರು. ಇನ್ನೂ ಬಹಳ ಅಂದರು. ಕೇರಿಯ ಮಾತೂ ಬಂತು. ಪರ್ಮಿಟ್ಟು ಹೇಗೋ ಉಳಿಯಿತು, ಯಾರನ್ನಾದರೂ ತೆಗೆದೆವೆಂದು ತೋರಿಸಬೇಕಿತ್ತು, ಮೇಸ್ತ್ರಿಯನ್ನು ತೆಗೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದ ಮಾತು ಏನು ಮಾಡುತ್ತದೆಂದು ನಾನು ನೋಡಿದೆ. ತಿಂಗಳೊಳಗೆ ಅವರಿಗೆ ‘ಮೈಲಿ ತಪ್ಪಿದ ಮೇಸ್ತ್ರಿ’ ಎಂದು ಹೆಸರು ಬಿತ್ತು. ಬೇರೆ ಬಸ್ಸಿನವರು ಬಿಟ್ಟರು, ಟೆಂಟು ಸಿನಿಮಾದವರು ಬಿಟ್ಟರು, ರೇಡಿಯೊ ಇದ್ದ ನಾಲ್ಕು ಮನೆಯವರೂ ಬಿಟ್ಟರು. ಉಳಿದ ಒಬ್ಬಿಬ್ಬರು ಬ್ಯಾಟರಿ ತಂದು ‘ಎಷ್ಟು ದಿನ ಬರ್ತೈತಿ?’ ಎಂದು ಕೇಳಿದರೆ ‘ನೋಡೂಣು’ ಎನ್ನುತ್ತಿದ್ದರಂತೆ. ಸೀಮೆಸುಣ್ಣ ಮುಟ್ಟಲಿಲ್ಲ. ಯುದ್ಧ ಮುಗಿದು ಮದ್ರಾಸಿನಿಂದ ಡೈನಮೊ ಬಂತು, ನಮಗೆ ಅವರ ನೆನಪೂ ಬೇಡವಾಯಿತು. ಚಪ್ಪರ ಮುಚ್ಚಿ ಕುರುಗೋಡಿನಲ್ಲಿ ಮಗಳ ಮನೆಗೆ ಹೋದರು.

ಅಲ್ಲಿಂದ ನನ್ನ ಫಜೀತಿ ಶುರುವಾಯಿತು. ನಮ್ಮ ಬಸ್ಸು ದಿನಕ್ಕೆ ಎರಡು ಸಲ ಕುರುಗೋಡಿನಲ್ಲಿ ಹತ್ತು ಹತ್ತು ನಿಮಿಷ ನಿಲ್ಲುತ್ತದೆ. ಸ್ಟ್ಯಾಂಡಿನ ಎದುರಿಗೇ ಮಗಳ ಮನೆ, ಮುಂದೆ ಒಂದು ಬೇವಿನ ಮರ, ಅದರ ಕೆಳಗೆ ಹೊರಸಿನ ಮೇಲೆ ಮೇಸ್ತ್ರಿ. ಒಂದು ಕಡೆ ನಿಲ್ಲದ ಮನುಷ್ಯ ಇಡೀ ದಿನ ಕೂತಿರುತ್ತಿದ್ದರು. ಮೊದಮೊದಲು ನಾನು ಬಸ್ಸಿನ ಆ ಕಡೆಯಿಂದ ಇಳಿಯುತ್ತಿದ್ದೆ. ಮುದುಕಿ ಬದುಕಿದ್ದಾರೆ, ಈಗ ಹೇಳಿದರೆ ನೊಂದುಕೊಳ್ಳುತ್ತಾರೆ, ಅವರ ಕಾಲವಾಗಲಿ, ಹೇಳುತ್ತೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಇನ್ನೊಬ್ಬರ ಸಾವಿಗೆ ಕಾಯುವ ಸಮಾಧಾನ ಎಂಥದೆಂದು ನೀವೇ ಯೋಚಿಸಿ.

ಹೋದ ವರ್ಷ ಮಳೆಗಾಲದಲ್ಲಿ ಮುದುಕಿ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಹೊರಗಿನ ಕಟ್ಟೆಯ ಮೇಲೆ ನಮಗೂ ಎಲೆ ಹಾಕಿದ್ದರು. ಒಳಗಿನ ಪಂಕ್ತಿಯಲ್ಲಿ ರಾಯರು ತಾಯಿಯ ಭಕ್ತಿಯ ಸುದ್ದಿ ಹೇಳುತ್ತಿದ್ದುದು ಕಿಟಕಿಯಲ್ಲಿ ಕೇಳಿಸುತ್ತಿತ್ತು. ‘ನಮ್ಮಮ್ಮ ಬಸ್ಸಿನ ಬ್ಯಾಟರಿಗೂ ತೀರ್ಥ ಕೊಟ್ಟಾಕಿ. ಅವತ್ತ ಸಂಜಿ ನನಗ ಹೇಳಿದ್ಲು, ಅದಕ್ಕೂ ಬಾಯಿ ಅದಪ್ಪಾ, ಕೊಟ್ಟು ಬಂದೆ ಅಂತ.’ ಪಂಕ್ತಿಯೆಲ್ಲ ನಕ್ಕಿತು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ರಾಯರಿಗೆ ಗೊತ್ತಿತ್ತು. ಚಪ್ಪರದ ಮುಂದೆ ನಿಂತು ಬೈಯುವಾಗಲೇ ಗೊತ್ತಿತ್ತು. ಸಿಟ್ಟು ಬಂತು, ಎದ್ದು ಹೋಗಿ ಕೇಳಬೇಕೆನಿಸಿತು. ಏನೆಂದು ಕೇಳಲಿ? ಅವರು ಮಾಡಿದ್ದನ್ನೇ ನಾನೂ ಮಾಡಿದ್ದೆ.

ಅದೇ ವರ್ಷ ದಶಮಿಯ ದಿನ ಬನ್ನಿ ಎಲೆ ತೆಗೆದುಕೊಂಡು ಬೇವಿನ ಮರದ ಕೆಳಗೆ ಹೋದೆ. ಹತ್ತಿರ ಹೋದ ಮೇಲೆ ಅವರ ಕೈ ನೋಡಿದೆ. ಎರಡೂ ಮುಂಗೈ ಒಣಗಿದ ಟೊಂಗೆಯಂತೆ ಕೆಳಗೆ ಜೋತಿದ್ದವು. ಸೀಸ ಮೈಗೆ ಹತ್ತಿದೆ, ಇನ್ನು ಕೈ ಏಳುವುದಿಲ್ಲ ಎಂದು ಬಳ್ಳಾರಿಯ ಡಾಕ್ಟರು ಹೇಳಿದ್ದರಂತೆ. ಬನ್ನಿಯನ್ನು ನಾನೇ ಅಂಗೈಯಲ್ಲಿಟ್ಟು ‘ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ’ ಎಂದೆ. ಕಾಲು ಮುಟ್ಟಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡರು.

‘ಆ ಬಿರಡಿ ತಗದಾಂವ ನಾನ್ರಿ ಮೇಸ್ತ್ರಿ.’

‘ಗೊತ್ತೈತಿ.’

‘ಹೆಂಗ್ರಿ?’

‘ನಡುವಿಂದು ಅಡ್ಡ ಕುಂತಿತ್ತು. ನಿಮ್ಮ ಕೈ ನನಗ ಗೊತ್ತಿಲ್ಲೇನು?’

ಮತ್ತೆ ನಾನೇ ಕೇಳಿದೆ: ‘ಅವತ್ತ ಯಾಕ ಹೇಳ್ಲಿಲ್ರಿ?’

‘ಏನಂತ ಹೇಳ್ಲಿ? ಅಮ್ಮಾರ ತೀರ್ಥದಿಂದ ಬ್ಯಾಟರಿ ಕೆಟ್ಟತು ಅಂತ? ನನ್ನ ಬಾಯಾಗ ಆ ಮಾತು ಬಂದಿದ್ರ ಬ್ಯಾಟರಿ ಸುದ್ದಿ ಅಲ್ಲಿಗೇ ಮುಗಿತಿತ್ತು, ಬ್ಯಾರೆ ಸುದ್ದಿ ಸುರು ಆಗ್ತಿತ್ತು. ನನಗ ಕೇರ್‍ಯಾಗ ಮನಿ ಇತ್ತು, ಮಕ್ಕಳಿದ್ರು. ಅದು ನೀವು ಆಡಬೇಕಾದ ಮಾತು. ನೀವು ಆಡಿದ್ರ ತೀರ್ಥ ತೀರ್ಥ ಆಗೇ ಇರ್ತಿತ್ತು, ಬ್ಯಾಟರಿ ಬ್ಯಾಟರಿ ಆಗೇ ಇರ್ತಿತ್ತು.’

‘ತಪ್ಪಾತ್ರಿ.’

ಅವರು ನನ್ನನ್ನೇ ನೋಡಿದರು. ಚಪ್ಪರದಲ್ಲಿ ನೋಡಿದ ಹಾಗೇ.

‘ಮೂರು ಬಿರಡಿ ತಗಿಯಾಕ ಒಂದು ನಿಮಿಷ ಸಾಕಾತು. ಹೇಳಾಕ ಎಂಟು ವರ್ಷ ಬೇಕಾತೇನಲೇ?’

ನನಗೆ ಅವರು ‘ಲೇ’ ಎಂದದ್ದು ಅದೇ ಮೊದಲು. ನಾನು ತಲೆ ತಗ್ಗಿಸಿದೆ. ಅವರು ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ.

‘ನನ್ನ ಮುಂದ ಹೇಳಿ ಏನು ಬಂತು? ನನಗ ಗೊತ್ತಿದ್ದದ್ದ ನನಗ ಹೇಳಿದಿ. ಬಳ್ಳಾರಿ ಸ್ಟ್ಯಾಂಡಿನ್ಯಾಗ ಹೇಳು. ಯಾರ ಹೆಸರೂ ತಗೀಬ್ಯಾಡ, ರಾಯರದೂ ಬ್ಯಾಡ, ಅಮ್ಮಾರದೂ ಬ್ಯಾಡ. ಮೇಸ್ತ್ರಿ ಬರೆದ ಮೈಲಿ ಖರೆ ಇತ್ತು ಅಂತ ನಾಕು ಮಂದಿ ಮುಂದ ಹೇಳು. ಅಷ್ಟ ಸಾಕು.’

‘ಹೇಳ್ತೀನ್ರಿ’ ಎಂದೆ. ಸ್ಟ್ಯಾಂಡಿನಲ್ಲಿ ಸಾಬರು ನನ್ನನ್ನು ಕರೆಯಲು ಉದ್ದಕ್ಕೆ ಹಾರ್ನು ಒತ್ತಿದರು. ಮೇಸ್ತ್ರಿ ಮುಖ ಹಿಂಡಿದರು. ‘ಅರ್ಧ ಫರ್ಲಾಂಗು ಹೋತು’ ಎಂದು, ಆಮೇಲೆ ನೆನಪಾಗಿ, ‘ಈಗ ಡೈನಮೊ ಐತಲ್ಲ, ಊದ್ಲಿ ಬಿಡು’ ಎಂದರು.

ಹೇಳಲಿಲ್ಲ. ದಸರೆ ಹೋಯಿತು, ದೀಪಾವಳಿ ಹೋಯಿತು, ಯುಗಾದಿ ಬಂತು. ದಿನಾ ಬಳ್ಳಾರಿಯಿಂದ ಬಸ್ಸು ಬಂದು ನಿಂತಾಗ ಅವರು ಹೊರಸಿನಿಂದಲೇ ಗದ್ದ ಎತ್ತಿ ಕೇಳುವರು, ಹೇಳಿದೆಯಾ ಎಂದು. ನಾನು ಇನ್ನೂ ಇಲ್ಲ ಎಂದು ತಲೆಯಾಡಿಸುವೆನು. ಏನೋ ಹೆದರಿಕೆ. ಕೆಲಸ ಹೋಗುವುದೆಂದಲ್ಲ. ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಎಂದು ಯಾರಾದರೂ ಕೇಳಿಯಾರು ಎಂಬ ಹೆದರಿಕೆ. ಕೊನೆಕೊನೆಗೆ ಅವರು ಗದ್ದ ಎತ್ತುವುದನ್ನು ಬಿಟ್ಟು ಬಸ್ಸಿನ ಗಾಲಿ ನೋಡುತ್ತ ಕೂತಿರುತ್ತಿದ್ದರು.

ನಿನ್ನೆ ಬಳ್ಳಾರಿ ಸ್ಟ್ಯಾಂಡಿನಲ್ಲಿ ಹೇಳಿದೆ. ಚಹಾದಂಗಡಿಯ ಬೆಂಚಿನ ಹತ್ತಿರ ನಿಂತು, ‘ಕೇಳ್ರಪೋ, ಮೇಸ್ತ್ರಿ ಬರೆದ ಮೈಲಿ ಖರೆ ಇತ್ತು’ ಎಂದು ಗಟ್ಟಿಯಾಗಿಯೇ ಹೇಳಿದೆ. ‘ಯಾವ ಮೇಸ್ತ್ರಿ?’ ಎಂದು ಒಬ್ಬ ಕೇಳಿದ. ‘ಅದೇ ಮೈಲಿ ತಪ್ಪಿದ ಮೇಸ್ತ್ರಿ’ ಎಂದು ಇನ್ನೊಬ್ಬ ಅವನಿಗೆ ತಿಳಿಸಿದ. ಮತ್ತೆ ಇಬ್ಬರೂ ಆಂಧ್ರ, ಮೈಸೂರು ಎಂದು ಜಗಳಕ್ಕೆ ಕೂತರು.

ಹಾಗಾಗಿ ಬರೆದೆ. ಅವರು ಹೇಳಿದಂತೆ ಯಾರ ಹೆಸರೂ ಇಲ್ಲ. ಬೇರೆಯವರದು ಬಿಟ್ಟು ಅವರದೊಂದನ್ನೇ ಬರೆಯುವುದು ನ್ಯಾಯವಲ್ಲ ಎಂದು ಅವರ ಹೆಸರನ್ನೂ ಬಿಟ್ಟಿದ್ದೇನೆ. ಓದಿದವರು ನಾಲ್ಕು ಮಂದಿಗೆ ಇಷ್ಟು ತಿಳಿಸಿದರೆ ಸಾಕು: ಮೇಸ್ತ್ರಿ ಮೈಲಿ ತಪ್ಪಿದವರಲ್ಲ. ಆ ಬ್ಯಾಟರಿ ಎಂಬತ್ತೈದು ಮೈಲಿ ಓಡುತ್ತಿತ್ತು.